‘ಸಿದ್ಧಳಲ್ಲ’ ಎಂದು ಬರೆದವರಿಗೆ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನ ಬಾಗಿಲಲ್ಲಿ ತೂಗುಹಾಕಿರುವ ಫಲಕದ ಪ್ರಕಾರ ನಿಮ್ಮ ನಾಲ್ವರು ವಿದ್ಯಾರ್ಥಿಗಳು ನನ್ನ ಕನ್ನಡಕದ ಅಂಗಡಿಯಲ್ಲಿ ಉದ್ಯೋಗದಲ್ಲಿದ್ದಾರೆ. ನನ್ನ ಅಂಗಡಿಯಲ್ಲಿರುವುದು ಎರಡು ಸ್ಟೂಲು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಗಿರಾಕಿ. ಆ ನಾಲ್ವರನ್ನು ನಾನು ಎಲ್ಲಿ ಬಚ್ಚಿಟ್ಟಿದ್ದೇನೆಂದು ತಾವೇ ಹೇಳಬೇಕು. ಇದನ್ನೇ ಕೇಳಿ ಎರಡು ಸಲ ಪತ್ರ ಬರೆದೆ. ಕಚೇರಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರೆದುರು ಕೇಳುತ್ತಿದ್ದೇನೆ.

ನಡೆದದ್ದಿಷ್ಟು. ಕಳೆದ ವರ್ಷ ನಿಮ್ಮ ಉದ್ಯೋಗ ಮಾರ್ಗದರ್ಶನದ ಉಪನ್ಯಾಸಕಿ ನಾಲ್ಕು ಮಕ್ಕಳನ್ನು ಕರೆತಂದು, ಕೆಲಸ ಹೇಗೆ ನಡೆಯುತ್ತದೆಂದು ತೋರಿಸಿ ಎಂದರು. ಸಂತೋಷದಿಂದ ಗಾಜು ಉಜ್ಜುವ ಯಂತ್ರದ ಹೊದಿಕೆ ತೆಗೆದೆ. ಅವರು ಚೀಲದಿಂದ ಪ್ರಯೋಗಾಲಯದ ಬಿಳಿ ಕೋಟುಗಳನ್ನು ತೆಗೆದು ಮಕ್ಕಳಿಗೆ ತೊಡಿಸಿ, ಯಂತ್ರದ ಮುಂದೆ ನಿಲ್ಲಿಸಿ ಫೋಟೊ ಹಿಡಿದು, ಕಾಲು ಗಂಟೆಯಲ್ಲಿ ಹೊರಟೇಬಿಟ್ಟರು. ನಾನು ಯಂತ್ರದ ಸ್ವಿಚ್ಚನ್ನೂ ಒತ್ತಿರಲಿಲ್ಲ. ನಾನೂ ಒಬ್ಬ ಪೆದ್ದಿ, ಪಕ್ಕದಲ್ಲಿ ಹಲ್ಲು ಕಿರಿದು ನಿಂತಿದ್ದೆ. ಆ ಫೋಟೊ ಈಗ ಫಲಕದಲ್ಲಿದೆ, ಅದರ ಕೆಳಗೆ ‘ಶೇಕಡಾ ನೂರು ಉದ್ಯೋಗ’ ಎಂದಿದೆ. ಉಳಿದ ಫೋಟೊಗಳನ್ನೂ ಹತ್ತಿರ ಹೋಗಿ ನೋಡಿದೆ. ಕಾರ್ಖಾನೆ ಬೇರೆ, ಔಷಧಿ ಕಂಪನಿ ಬೇರೆ, ಆದರೆ ಕೋಟಿನ ಜೇಬಿನ ಮೇಲೆ ಎಲ್ಲೆಲ್ಲೂ ಅದೇ ಶಾಯಿಯ ಕಲೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇನ್ನೂ ಇದ್ದಾರೆಂದು ತಿಳಿದಿರಾ?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಅಣ್ಣನ ಮಗಳು ನಿಮ್ಮಲ್ಲಿ ಕೊನೆಯ ವರ್ಷ ಓದುತ್ತಿದ್ದಾಳೆ. ತರಗತಿ ಮುಗಿದ ಮೇಲೆ ಅಂಗಡಿಗೆ ಬಂದು, ಎರಡು ವರ್ಷದಲ್ಲಿ ಅಳತೆ ತೆಗೆಯುವುದನ್ನೂ ಗಾಜು ಕೂರಿಸುವುದನ್ನೂ ಕಲಿತಿದ್ದಾಳೆ. ಈಗ ಕಣ್ಣಾಸ್ಪತ್ರೆಯೊಂದು ಅದೇ ಕೆಲಸಕ್ಕೆ ಜನ ಬೇಕೆಂದು ನಿಮ್ಮನ್ನು ಕೇಳಿದೆ. ಆದರೆ ನಿಮ್ಮ ಅಣಕು ಸಂದರ್ಶನದಲ್ಲಿ ‘ಸಿದ್ಧ’ ಎನಿಸಿಕೊಂಡವರ ಹೆಸರನ್ನಷ್ಟೇ ಕಳಿಸುತ್ತೀರಂತೆ. ಪಟ್ಟಿ ಹೋಗುವುದು ಬರುವ ಶುಕ್ರವಾರ.

ಆ ಸಂದರ್ಶನಕ್ಕೆಂದು ನೀವೊಂದು ಕೈಪಿಡಿ ಅಚ್ಚುಹಾಕಿಸಿದ್ದೀರಿ. ನಿನ್ನ ದೌರ್ಬಲ್ಯವೇನು ಎಂದು ಕೇಳಿದರೆ ‘ಅತಿಯಾದ ಪರಿಶ್ರಮವೇ ನನ್ನ ದೌರ್ಬಲ್ಯ’ ಎನ್ನಬೇಕು, ಪುಟ ಒಂಬತ್ತು. ಒಂದು ತರಗತಿಯ ಅರವತ್ತು ಮಕ್ಕಳೂ ಅತಿಯಾಗಿ ಪರಿಶ್ರಮಪಡುವವರಾದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರು ಯಾರ ಮನೆಯ ಮಕ್ಕಳು? ನಮ್ಮ ಹುಡುಗಿ ಕೈಪಿಡಿ ಓದಿದ್ದಳು. ಆದರೂ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟಳು:

“ನಂಗೆ ಅವಸರ ಜಾಸ್ತಿ ಮೇಡಂ. ಒಂದ್ಸಲ ಎಡಗಣ್ಣಿನ ಗಾಜನ್ನ ಬಲಗಡೆ ಕೂರಿಸಿಬಿಟ್ಟಿದ್ದೆ. ಪಾಪ, ಆ ಅಜ್ಜ ಮೆಟ್ಟಿಲು ಇಳಿಯೋಕೇ ಹೆದರ್ತಿದ್ರು. ಅವತ್ತಿಂದ ಕೊಡೋಕೆ ಮುಂಚೆ ಎರಡು ಸಲ ಅಳೀತೀನಿ.”

ಸಂದರ್ಶನ ಮಾಡಿದ ಅದೇ ಉಪನ್ಯಾಸಕಿ ಬರೆದದ್ದು ‘ಸಿದ್ಧಳಲ್ಲ’. ಕಾರಣ: ಮಾದರಿ ಉತ್ತರಕ್ಕೆ ಹೊಂದುವುದಿಲ್ಲ. ಮಾನ್ಯರೇ, ಮೂವತ್ತು ವರ್ಷದಲ್ಲಿ ನನ್ನ ಬಳಿ ಕೆಲಸ ಕೇಳಿ ಬಂದವರಿಗೆಲ್ಲ ನಾನು ಕೇಳಿದ್ದು ಒಂದೇ ಮಾತು, ಇದುವರೆಗೆ ಏನು ಕೆಡಿಸಿದ್ದೀಯ ಎಂದು. ಏನೂ ಕೆಡಿಸಿಲ್ಲ ಎಂದವರ ಕೈಗೆ ನಾನು ಗಾಜು ಕೊಟ್ಟವಳಲ್ಲ.

ಜಗಳಕ್ಕೆಂದೇ ಆ ಉಪನ್ಯಾಸಕಿಯ ಬಳಿ ಹೋದೆ. ಆಕೆ ಕುರ್ಚಿ ಎಳೆದು ಕೂರಿಸಿ, ದನಿ ತಗ್ಗಿಸಿ ಹೇಳಿದರು: “ಫಾರಂನಲ್ಲಿ ಮಾದರಿ ಉತ್ತರಕ್ಕೆ ಮಾತ್ರ ಅಂಕ ಇರೋದಮ್ಮ. ನಾನಾದ್ರೂ ಕೆಲಸ ಹುಡುಕಿದ್ದು ಒಂದೇ ಸಲ, ಈ ಕಾಲೇಜಿಗೆ. ಹೊರಗಡೆ ಏನು ಕೇಳ್ತಾರೋ ನಂಗೆ ಹೇಗೆ ಗೊತ್ತಾಗ್ಬೇಕು?” ಆಕೆಯ ಮೇಲಿನ ಸಿಟ್ಟು ಅಲ್ಲೇ ಇಳಿಯಿತು, ಅನುಮಾನ ಮಾತ್ರ ಮಹಡಿ ಹತ್ತಿ ನಿಮ್ಮ ಕೋಣೆಗೆ ಬಂತು. ಆ ಫಾರಂ ತಯಾರಿಸಿದವರು ಯಾರು? ಅರವತ್ತು ಮಕ್ಕಳ ಮಾತು ಒಂದೇ ಆದರೆ ಯಾರ ಕೆಲಸ ಹಗುರಾಗುತ್ತದೆ?

ಈಗ ಹುಡುಗಿ, ಪಟ್ಟಿ ಹೋಗುವ ಮುನ್ನ ನೀವು ನಡೆಸುವ ಮರುಸಂದರ್ಶನಕ್ಕೆಂದು, ಕೈಪಿಡಿಯನ್ನು ಬಾಯಿಪಾಠ ಮಾಡುತ್ತಿದ್ದಾಳೆ, ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿಯ ಮುಂದೆಯೇ ನಿಂತು. ಮೊನ್ನೆ ಒಬ್ಬರು ಬಂದು, ಕನ್ನಡಕದ ಕಡ್ಡಿ ಕಿವಿಗೆ ಒತ್ತುತ್ತಿದೆ, ಯಾರು ಕೂರಿಸಿದ್ದು ಎಂದರು. ಮೊದಲಾಗಿದ್ದರೆ ಇವಳು ‘ನಾನೇ, ಕೊಡಿ’ ಎಂದು ಕೈಚಾಚುತ್ತಿದ್ದಳು. ಅವತ್ತು ಬೆನ್ನು ನೆಟ್ಟಗೆ ಮಾಡಿ, “ಗುಣಮಟ್ಟದಲ್ಲಿ ನಾವೆಂದೂ ರಾಜಿ ಮಾಡಿಕೊಳ್ಳುವುದಿಲ್ಲ ಸರ್” ಎಂದಳು. ಅದು ಪುಟ ಹನ್ನೊಂದು. ಅವರು ಕಿವಿ ಉಜ್ಜಿಕೊಳ್ಳುತ್ತಾ ಹೊರಟುಹೋದರು. ಇವಳು ನನ್ನ ಕಡೆ ತಿರುಗಿ ಕೇಳಿದಳು: “ಅತ್ತೆ, ಸರಿಯಾಗಿ ಹೇಳಿದ್ನಾ?”

ನಾನು ಕಡ್ಡಿ ಬಗ್ಗಿಸುವ ಇಕ್ಕಳ ಹಿಡಿದು ಆ ಗಿರಾಕಿಯ ಹಿಂದೆ ಬೀದಿಗೆ ಓಡಿದೆ.

ಆದ್ದರಿಂದ ಒತ್ತಾಯಿಸುತ್ತೇನೆ. ಅವಳ ಹೆಸರನ್ನು, ಅವಳೇ ಕೊಟ್ಟ ಮೊದಲ ಉತ್ತರದ ಸಮೇತ, ಶುಕ್ರವಾರ ಆಸ್ಪತ್ರೆಗೆ ಕಳಿಸಿ. ಬೇಕೋ ಬೇಡವೋ ಅವರು ಹೇಳಲಿ. ಕೈಪಿಡಿಯನ್ನು ಕಪಾಟಿಗೆ ಹಾಕಿ ಬೀಗ ಜಡಿಯಿರಿ. ನಿಮ್ಮ ಅಧ್ಯಾಪಕರು ವರ್ಷಕ್ಕೆ ಒಂದು ವಾರ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಕೂತು, ಅಲ್ಲಿನವರು ಹೊಸಬರಲ್ಲಿ ಏನು ಹುಡುಕುತ್ತಾರೆಂದು ಕೇಳಿಕೊಂಡು ಬಂದು ಮಕ್ಕಳಿಗೆ ಹೇಳಲಿ. ಇದಾವುದೂ ಆಗದಿದ್ದರೆ ತಾವೇ ಅಂಗಡಿಗೆ ಬನ್ನಿ. ಹುಡುಗಿಯ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಹೌದು ಎಂದರೆ ಅವಳು ಕಲಿತ ಕೆಲಸ ಕೆಡುತ್ತದೆ, ಇಲ್ಲ ಎಂದರೆ ನಿಮ್ಮ ಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ. ಗುರುಗಳು ನೀವು, ಅವಳ ಮುಖ ನೋಡಿ ನೀವೇ ಹೇಳಿ.

ಇಂತಿ,
ಕೆಲಸ ಕಲಿಸಿ, ಸುಳ್ಳು ಕಲಿಸುವುದನ್ನು ಮರೆತ
ಒಬ್ಬ ಸೋದರತ್ತೆ