ಒಂದೇ ಸ್ಟ್ಯಾಂಡಿನ ಇಬ್ಬರು

ಸೆಪ್ಟೆಂಬರ್ 9, ಸೋಮವಾರ

ರಜೆ ಮುಗಿದು ಆರ್ಕೆಸ್ಟ್ರಾದ ಮೊದಲ ರಿಹರ್ಸಲ್. ವಿಯೋಲಾಕ್ಕೆ, ಪಿಟೀಲಿನ ಆ ದಪ್ಪ ದನಿಯ ಅಕ್ಕನಿಗೆ, ಹೊಸ ತಂತಿ ಹಾಕಿದ್ದೆ, ಐದೈದು ನಿಮಿಷಕ್ಕೆ ಶ್ರುತಿ ಇಳಿಯುತ್ತಿತ್ತು. ಎಡಭುಜ ಮೊದಲ ಅರ್ಧ ಗಂಟೆ ಗೊಣಗಿತು, ಆಮೇಲೆ ಸುಮ್ಮನಾಯಿತು. ಅರವತ್ತೊಂದು ಆಯಿತಲ್ಲ.

ಟ್ರೋಫಿಮ್ ಲಿಗಾಯ್ ನನಗಿಂತ ಮೊದಲೇ ಬಂದು ಕೂತಿದ್ದ. ವಿಯೋಲಾದವರಲ್ಲಿ ಎರಡನೆಯ ಸ್ಟ್ಯಾಂಡ್ ನಮ್ಮದು. ಇಪ್ಪತ್ತೊಂಬತ್ತು ವರ್ಷದಿಂದ ಇಬ್ಬರಿಗೂ ಅದೇ ಒಂದು ಸ್ಟ್ಯಾಂಡ್, ಅದರ ಮೇಲೆ ಅದೇ ಒಂದು ಸ್ವರದ ಪುಸ್ತಕ. ಜನರ ಕಡೆಗಿರುವ ಹೊರಗಡೆಯ ಕುರ್ಚಿ ನನ್ನದು, ಒಳಗಡೆಯದು ಅವನದು. ಒಳಗೆ ಕೂತವರು ಪುಟ ತಿರುಗಿಸಬೇಕು — ಅದು ಅವನ ಕೆಲಸ.

ಹೊಸ ನಿರ್ದೇಶಕಿ ಬಂದಿದ್ದಾಳೆ. ಸಬೀರಾ. ಮೂವತ್ತನಾಲ್ಕು ವರ್ಷ, ಸಣ್ಣ ಕೈ, ದೊಡ್ಡ ಕಣ್ಣು. ಈ ಸಲದ ಕಾರ್ಯಕ್ರಮ ಓದಿ ಹೇಳಿದಳು. ವರ್ಷವಿಡೀ ದೊಡ್ಡವರ ಕೊನೆಯ ಕೃತಿಗಳೇ ಅಂತೆ. ಅಕ್ಟೋಬರಿನಲ್ಲಿ ಚೈಕೋವ್‌ಸ್ಕಿಯ ಆರನೆಯ ಸಿಂಫನಿ. ಡಿಸೆಂಬರಿನಲ್ಲಿ ಮೊಜಾರ್ಟನ ರೆಕ್ವಿಯಮ್, ಸತ್ತವರ ಪ್ರಾರ್ಥನೆ. ಫೆಬ್ರವರಿಯಲ್ಲಿ ಬಾರ್ಟೋಕನ ಪಿಯಾನೊ ಕಾನ್ಚರ್ಟೊ, ಮೇ ತಿಂಗಳಲ್ಲಿ ಬ್ರುಕ್ನರನ ಒಂಬತ್ತನೆಯದು.

ಟ್ರೋಫಿಮ್ ತುಟಿ ಅಲ್ಲಾಡಿಸದೆ ಹೇಳಿದ, "ನಮ್ಮನ್ನೆಲ್ಲ ಒಟ್ಟಿಗೆ ಮಣ್ಣು ಮಾಡೋಕೆ ಬಂದಿದಾಳೆ ಕಣೇ. ಮೇ ತನಕ ಇರ್ತೀಯಾ ನೀನು?"

"ನಿನ್ನ ಕಳಿಸಿಕೊಟ್ಟೇ ಹೋಗ್ತೀನಿ. ಸುಮ್ನಿರು."

ಬಿಡುವಿನಲ್ಲಿ ಅವನ ಡಬ್ಬಿಯ ಕ್ಯಾರೆಟ್ ಪಚಡಿ, ನಾನು ಕರಿದು ತಂದ ಹಿಟ್ಟಿನ ಉಂಡೆ, ಬೌರ್ಸಾಕ್. ಬೌರ್ಸಾಕ್ ಕರಿದದ್ದು ಹೆಚ್ಚಾಗಿದೆ ಅಂದ. ಆರು ತಿಂದ.

ಅಕ್ಟೋಬರ್ 11, ಶುಕ್ರವಾರ

ಚೈಕೋವ್‌ಸ್ಕಿ ಮುಗಿಯಿತು. ಸಭಾಂಗಣ ತುಂಬಿತ್ತು. ನಮ್ಮ ಗಣಿಯೂರು ಕರಗಂಡದಲ್ಲಿ ಮೊದಲ ಹಿಮಕ್ಕೆ ಕಲ್ಲಿದ್ದಲ ಕಪ್ಪು ಹತ್ತುವ ಮುಂಚೆ ಜನ ಹೊರಗೆ ಬರುತ್ತಾರೆ, ಆಮೇಲೆ ಬಾ ಅಂದರೂ ಬರುವುದಿಲ್ಲ.

ಕೊನೆಯ ಭಾಗದಲ್ಲಿ ಒಂದು ವಿಷಯ ನಡೆಯಿತು. ತೀರ ಮೆಲ್ಲನೆಯ ಜಾಗ. ಟ್ರೋಫಿಮ್ ಪುಟ ತಿರುಗಿಸಿದ — ಹಾಳೆ ಪಟಪಟ ಬಡಿದುಕೊಂಡಿತು. ಎಲೆ ಗಾಳಿಗೆ ಬಡಿದುಕೊಂಡ ಹಾಗೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅವನು ಪುಟ ಸದ್ದು ಮಾಡಿದವನಲ್ಲ. ಆಮೇಲೆ ಕೇಳಿದೆ. "ಚಳಿ. ಹಾಲ್‌ನಲ್ಲಿ ಹೀಟರ್ ಹಾಕಿಲ್ಲ ಅವರು" ಅಂದ.

ಹಾಲ್ ಬೆಚ್ಚಗಿತ್ತು.

ಕ್ಯಾಂಟೀನಿನಲ್ಲಿ ಟೀ ಲೋಟವನ್ನು ಎಡಗೈಯಲ್ಲಿ ಹಿಡಿದ. ಬಲಗೈ ಮೇಜಿನ ಕೆಳಗಿತ್ತು.

ಡಿಸೆಂಬರ್ 14, ಶನಿವಾರ

ಎರಡು ತಿಂಗಳಿಂದ ಏನೂ ಬರೆದಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅಂತ.

ಅವನ ಬಲಗೈ ನಡುಗುತ್ತದೆ. ಕಮಾನು ಹಿಡಿಯುವ ಕೈ. ಜೋರಾದ ಕಡೆ, ವೇಗದ ಕಡೆ ಗೊತ್ತಾಗುವುದಿಲ್ಲ. ಕಮಾನನ್ನು ನಿಧಾನ ಎಳೆಯುವ ಕಡೆ, ಉಸಿರಿನಷ್ಟು ಮೆಲ್ಲಗೆ ನುಡಿಸುವ ಕಡೆ — ಸ್ವರ ಅದುರುತ್ತದೆ. ಪಕ್ಕದಲ್ಲಿ ಕೂತ ನನಗೆ ಮಾತ್ರ ಕೇಳುತ್ತದೆ. ಸದ್ಯಕ್ಕೆ.

ಪುಟ ಈಗ ನಾನೇ ತಿರುಗಿಸುತ್ತೇನೆ. ಇಂದು ರೆಕ್ವಿಯಮ್‌ನಲ್ಲಿ ಮೆಲ್ಲನೆಯ ಜಾಗ ಬಂದಾಗಲೆಲ್ಲ ನಾನು ಸ್ವಲ್ಪ ಜೋರಾಗಿ ನುಡಿಸಿದೆ. ಅವನ ಸದ್ದು ನನ್ನ ಸದ್ದಿನೊಳಗೆ ಮುಚ್ಚಿಹೋಗಲಿ ಅಂತ. ಗಾಯಕರ ಗುಂಪು ಹಿಂದೆ ಇತ್ತು, ಯಾರಿಗೂ ತಿಳಿಯಲಿಲ್ಲ.

ಏಪ್ರಿಲಿನಲ್ಲಿ ಎಲ್ಲರಿಗೂ ಪರೀಕ್ಷೆಯಂತೆ, ನೋಟಿಸ್ ಹಾಕಿದ್ದಾರೆ. ಒಬ್ಬೊಬ್ಬರೇ ಹೋಗಿ ನುಡಿಸಿ ತೋರಿಸಬೇಕು. ಟ್ರೋಫಿಮ್ ನೋಟಿಸ್ ಓದಿ ಕನ್ನಡಕ ಒರೆಸಿಕೊಂಡ. ಮತ್ತೆ ಓದಿದ.

ಫೆಬ್ರವರಿ 4, ಮಂಗಳವಾರ

ಬಾರ್ಟೋಕ್. ಎರಡನೆಯ ಭಾಗದ ಆರಂಭ. ತಂತಿವಾದ್ಯಗಳು ಒಂದೊಂದಾಗಿ ಬಂದು ಸೇರಬೇಕು, ಮಂಜಿನ ಹಾಗೆ. ನುಡಿಸಿದೆವು. ಸಬೀರಾ ಕಡ್ಡಿ ಇಳಿಸಿದಳು.

"ವಿಯೋಲಾ ಕಡೆ ಸ್ವಲ್ಪ ಜಾಸ್ತಿ ಆಯ್ತು."

ಮತ್ತೆ.

"ಎರಡನೇ ಸ್ಟ್ಯಾಂಡ್, ಇನ್ನೂ ಮೆಲ್ಲಗೆ."

ಮತ್ತೆ. ನನಗೆ ಮೆಲ್ಲಗೆ ನುಡಿಸಲು ಬರುವುದಿಲ್ಲವೇ? ಬರುತ್ತದೆ. ಆದರೆ ಮೆಲ್ಲಗೆ ನುಡಿಸಿದರೆ ಅವನೊಬ್ಬ ಬೆಳಕಿಗೆ ಬಂದುಬಿಡುತ್ತಾನೆ.

ಮೂರನೆಯ ಸಲ ಅವಳು ಹೆಸರು ಹಿಡಿದೇ, ಅಕ್ಕ ಅಂತ ಮರ್ಯಾದೆ ಸೇರಿಸಿ, ಹೇಳಿದಳು. "ರೌಝಾ ಅಪಾ, ಕ್ಷಮಿಸಿ. ನಿಮ್ಮೊಬ್ಬರದೇ ಕೇಳ್ತಾ ಇದೆ."

ಎಪ್ಪತ್ತು ಜನ ತಿರುಗಿ ನೋಡಿದರು. "ಕಿವಿ ಮಂದ ಆಗಿದೆ ಅನ್ಸುತ್ತೆ ನನಗೆ. ಸರಿ ಮಾಡ್ಕೊಳ್ತೀನಿ" ಅಂದೆ. ಮುಖ ಬಿಸಿಯಾಯಿತು. ಟ್ರೋಫಿಮ್ ನನ್ನ ಕಡೆ ತಿರುಗಲಿಲ್ಲ. ಕಮಾನನ್ನು ತೊಡೆಯ ಮೇಲೆ ಇಟ್ಟುಕೊಂಡ. ಕಿವಿ ಕೆಂಪಾಗಿತ್ತು ಅವನದು.

ಫೆಬ್ರವರಿ 5, ಬುಧವಾರ

ಬಸ್ ಸ್ಟಾಪಿನಲ್ಲಿ ಕಾದಿದ್ದ. ಟೋಪಿ ಹುಬ್ಬಿನ ತನಕ ಎಳೆದುಕೊಂಡು.

"ಎಷ್ಟು ದಿನದಿಂದ ಮಾಡ್ತಿದೀಯಾ ಇದನ್ನ?"

"ಯಾವುದನ್ನ?"

"ರೌಝಾ."

"ಡಿಸೆಂಬರಿಂದ."

"ಯಾರು ಕೇಳಿದ್ರು ನಿನ್ನ?"

"ಕೇಳಬೇಕಾ? ಪಕ್ಕದಲ್ಲಿ ಕೂತಿದೀನಿ."

"ಪಕ್ಕದಲ್ಲಿ ಕೂತಿದೀಯ, ಹೊದಿಕೆ ಹೊದಿಸೋಕೆ ಅಲ್ಲ. ಕೆಟ್ಟದಾಗಿ ನುಡಿಸಿದ್ರೆ ನಾನು ನುಡಿಸಿದೆ ಅಂತಾಗಬೇಕು. ನಿನ್ನ ಕಿವಿ ಮಂದ ಅಂತ ಅಲ್ಲ. ಇಡೀ ಊರಲ್ಲಿ ನಿನ್ನಂಥ ಕಿವಿ ಯಾರಿಗಿದೆ? ಅದನ್ನ ಎಲ್ಲರ ಮುಂದೆ ಅಡ ಇಟ್ಟುಬಿಟ್ಟೆಯಲ್ಲ."

ಬಸ್ ಬಂತು. ಅವನು ಹತ್ತಲಿಲ್ಲ, ನಡೆದುಕೊಂಡು ಹೋದ. ಮೈನಸ್ ಇಪ್ಪತ್ತಾರು ಡಿಗ್ರಿ. ಮೂರು ಸ್ಟಾಪಿನ ತನಕ ಕಿಟಕಿಯ ಹಿಮ ಕೆರೆದು ಕೆರೆದು ನೋಡಿದೆ, ಕಾಣಲಿಲ್ಲ.

ಫೆಬ್ರವರಿ 22, ಶನಿವಾರ

ಹದಿನೇಳು ದಿನ. ಒಂದೇ ಸ್ಟ್ಯಾಂಡ್, ಒಂದೇ ಪುಸ್ತಕ. ಮಾತಿಲ್ಲ. "ಎಲ್ಲಿಂದ?" "ನಲವತ್ತನೇ ಆವರ್ತದಿಂದ." ಅಷ್ಟೇ.

ಕಾನ್ಸರ್ಟ್ ಚೆನ್ನಾಗಿ ಆಯಿತು ಅಂದರು. ಎರಡನೆಯ ಭಾಗದಲ್ಲಿ ಟ್ರೋಫಿಮ್ ಕಮಾನನ್ನು ತಂತಿಯ ಮೇಲೆ ತೇಲಿಸಿದ, ತಾಗಿಸಲೇ ಇಲ್ಲ. ನುಡಿಸುತ್ತಿರುವಂತೆ ಕಾಣುತ್ತಿತ್ತು. ನಾನೊಬ್ಬಳೇ ನುಡಿಸಿದೆ, ಬರೆದಷ್ಟೇ ಮೆಲ್ಲಗೆ. ಇಷ್ಟು ವರ್ಷದಲ್ಲಿ ಅಷ್ಟು ಒಂಟಿ ಅನ್ನಿಸಿದ್ದಿಲ್ಲ. ಸೇರಿಕ್‌ನನ್ನು ಮಣ್ಣು ಮಾಡಿ ಮನೆಗೆ ಬಂದ ದಿನವೂ ಇಲ್ಲ. ಗಂಡ ಹೋದ ದಿನವನ್ನು ಇದರ ಜೊತೆ ಹೋಲಿಸುತ್ತಿದ್ದೇನಲ್ಲ... ಹೊಡೆದು ಹಾಕಬೇಕು ಈ ಸಾಲನ್ನು.

ಶುರುವಿಗೆ ಮುಂಚೆ ಸಬೀರಾ ಜನರಿಗೆ ನಾಲ್ಕು ಮಾತು ಹೇಳಿದಳು. ಬಾರ್ಟೋಕನಿಗೆ ಕೊನೆಯ ಹದಿನೇಳು ಆವರ್ತ ತುಂಬಿಸಲು ಆಗಲಿಲ್ಲವಂತೆ, ಗೆಳೆಯನೊಬ್ಬ ಪೂರ್ತಿ ಮಾಡಿದನಂತೆ. "ಇವರು ಯಾರೂ ಇದೇ ಕೊನೆ ಅಂತ ಬರೀಲಿಲ್ಲ. ನಾಳೆ ಬೆಳಗ್ಗೆ ಎದ್ದು ಮುಂದುವರಿಸೋಣ ಅಂತ ಮಲಗಿದೋರು. ಅದಕ್ಕೇ ನನಗೆ ಇವು ಇಷ್ಟ" ಅಂದಳು.

ಹುಡುಗಿ ಕೆಟ್ಟವಳಲ್ಲ.

ಮಾರ್ಚ್ 22, ಶನಿವಾರ. ನೌರಿಜ್

ಹೊಸ ವರ್ಷದ ಹಬ್ಬದ ದಿನ ಮನಸ್ತಾಪ ಇಟ್ಟುಕೊಳ್ಳಬಾರದು ಅಂತ ಅಜ್ಜಿ ಪ್ರತಿವರ್ಷ ನಮ್ಮನ್ನು ಎಳೆದುಕೊಂಡು ಮನೆ ಮನೆ ಸುತ್ತುತ್ತಿದ್ದಳು. ಏಳು ಪದಾರ್ಥ ಹಾಕಿ ಹಬ್ಬದ ಗಂಜಿ ಮಾಡಿದೆ. ದೊಡ್ಡ ಜಾಡಿಗೆ ಸುರಿದು, ಟವೆಲ್ ಸುತ್ತಿ ಹೊರಟೆ. ದಾರಿಯೆಲ್ಲ ಕೆಸರು, ಹಿಮ ಕರಗುತ್ತಿದೆ.

ಬಾಗಿಲು ತೆಗೆದ. ಏಪ್ರನ್ ಕಟ್ಟಿದ್ದ. ಜಾಡಿ ನೋಡಿದ, ನನ್ನನ್ನು ನೋಡಿದ.

"ಗಂಜಿಗೆ ಉಪ್ಪು ಹಾಕಿದೀಯಾ? ಹೋದ ವರ್ಷ ಮರೆತಿದ್ದೆಯಲ್ಲ."

"ತಿಂದು ನೋಡು."

"ಒಳಗೆ ಬಾ. ಬೂಟ್ಸ್ ಅಲ್ಲೇ ಬಿಡು, ಕೆಸರು."

ಆಯಿತು. ಇಷ್ಟಕ್ಕೇ ಮುಗಿಯಿತು ಒಂದೂವರೆ ತಿಂಗಳ ಮೌನ.

ಊಟದ ನಡುವೆ ಹೇಳಿದ — ಬುಧವಾರ ಸಬೀರಾ ಹತ್ತಿರ ಹೋಗಿದ್ದನಂತೆ. ಡಾಕ್ಟರ ಚೀಟಿ ಮೇಜಿನ ಮೇಲಿಟ್ಟನಂತೆ. ಜೀವಕ್ಕೆ ಅಪಾಯವಿಲ್ಲ, ನಡುಕ ವಾಸಿಯಾಗುವಂಥದ್ದೂ ಅಲ್ಲ. ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಬಹುದು.

"ಏಪ್ರಿಲ್ ಪರೀಕ್ಷೆಗೆ ಬರಲ್ಲ, ಸೀಸನ್ ಮುಗಿದ ಮೇಲೆ ಬಿಡ್ತೀನಿ ಅಂದೆ. ಬ್ರುಕ್ನರ್ ತನಕ ಇರೋಕೆ ಬಿಡಿ ಅಂತ ಕೇಳಿದೆ."

"ಏನಂದಳು?"

"ಕೈ ಕೇಳಿದಷ್ಟು ನುಡಿಸಿ ಟ್ರೋಫಿಮ್ ಆಗಾ, ಮಿಕ್ಕಿದ್ದಕ್ಕೆ ಪುಟ ತಿರುಗಿಸಿ ಅಂದಳು. ಪುಟ ತಿರುಗಿಸೋದೇ ಕಣಮ್ಮಾ ನನ್ನ ಕೈಲಿ ಆಗದೇ ಇರೋದು ಅಂದೆ. ನಕ್ಕಳು. ನಕ್ಕು ಅತ್ತುಬಿಟ್ಟಳು. ಆಮೇಲೆ ನಾನೇ ನೀರು ತಂದುಕೊಟ್ಟು ಸಮಾಧಾನ ಮಾಡಬೇಕಾಯ್ತು."

"ನನಗ್ಯಾಕೆ ಮೊದಲು ಹೇಳಲಿಲ್ಲ?"

ಚಮಚ ಕೆಳಗಿಟ್ಟ. ಲೋಹ ತಟ್ಟೆಯ ಅಂಚಿಗೆ ಟಿಕ್ ಟಿಕ್ ಟಿಕ್. ಕೈಯನ್ನು ಈ ಸಲ ಮೇಜಿನ ಕೆಳಗೆ ಒಯ್ಯಲಿಲ್ಲ.

"ನಿನಗೆ ಹೇಳಿದ್ರೆ ಅದು ನಿಜ ಆಗ್ತಿತ್ತು."

ನಾನೂ ಹಾಗೇ ಅಂದುಕೊಂಡಿದ್ದೆ ಅಂತ ಹೇಳಬೇಕೆನಿಸಿತು. ಗಂಜಿ ಇನ್ನೊಂದು ಸೌಟು ಹಾಕಿದೆ. ಉಪ್ಪು ಮರೆತಿದ್ದೆ, ಹೌದು.

ಮೇ 12, ಸೋಮವಾರ

ಬ್ರುಕ್ನರ್ ಶುರು. ಮೊದಲ ಆವರ್ತದಿಂದಲೇ ತಂತಿಯವರೆಲ್ಲ ಕಮಾನನ್ನು ನಡುಗಿಸುತ್ತಲೇ ನುಡಿಸಬೇಕು, ಪುಟಗಟ್ಟಲೆ. ಹತ್ತು ನಿಮಿಷಕ್ಕೆ ನನ್ನ ಮೊಣಕೈ ಸತ್ತುಹೋಯಿತು. ಟ್ರೋಫಿಮ್ ರಾಜನ ಹಾಗೆ ಕೂತಿದ್ದ.

"ನೋಡಿದೆಯಾ? ಈ ಮನುಷ್ಯನಿಗೆ ನನ್ನ ವಿಷಯ ಗೊತ್ತಿತ್ತು. ನೀವೆಲ್ಲ ಬೆವರು ಸುರಿಸ್ತಿದೀರ. ನನಗೆ ತಾನಾಗೇ ಬರ್ತಿದೆ."

ನಗು ತಡೆಯಲಾಗದೆ ಸ್ವರ ತಪ್ಪಿದೆ. ಸಬೀರಾ ನಮ್ಮ ಕಡೆ ನೋಡಿ ಏನೂ ಕೇಳದವಳ ಹಾಗೆ ಮುಂದುವರಿದಳು.

ಮೇ 23, ಶುಕ್ರವಾರ

ಆಯಿತು. ಕೈ ಇನ್ನೂ ಬಿಸಿಯಿದೆ.

ಬ್ರುಕ್ನರ್ ಮೂರು ಭಾಗ ಮುಗಿಸಿದ್ದ, ನಾಲ್ಕನೆಯದು ಹಾಗೇ ಉಳಿಯಿತು. ಬೇರೆಯವರು ತುಂಬಿಸಿದ್ದು ಇದೆಯಂತೆ, ಸಬೀರಾ ಬೇಡ ಅಂದಳು. ಮೂರನೆಯ ಭಾಗದ ಕೊನೆಗೇ ನಿಲ್ಲಿಸುವುದೆಂದು.

ಮೂರನೆಯದರಲ್ಲಿ ಉದ್ದುದ್ದ ಎಳೆಯುವ ಜಾಗಗಳು. ಅಲ್ಲಿ ಟ್ರೋಫಿಮ್ ಕಮಾನು ತೆಗೆದು ಮಡಿಲಲ್ಲಿಟ್ಟ. ತೇಲಿಸಲಿಲ್ಲ, ನಟಿಸಲಿಲ್ಲ. ಎಲ್ಲರಿಗೂ ಕಾಣುವಂತೆ ಸುಮ್ಮನೆ ಕೂತು ಕೇಳಿದ. ನಾನು ಬರೆದಷ್ಟೇ ನುಡಿಸಿದೆ. ಈ ಸಲ ಒಂಟಿ ಅನ್ನಿಸಲಿಲ್ಲ — ಯಾಕೆಂದು ಗೊತ್ತಿಲ್ಲ. ಪಕ್ಕದಲ್ಲಿ ಅವನ ಉಸಿರು ನನ್ನ ಕಮಾನಿನ ಜೊತೆ ಹೋಗಿ ಬರುತ್ತಿತ್ತು.

ಕೊಂಬುಗಳು ಕೊನೆಯ ಸ್ವರ ಹಿಡಿದಾಗ ನಾವು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟಬೇಕು. ಅವನು ವಿಯೋಲಾ ಎತ್ತಿದ. ನನಗಿಂತ ಕೂದಲೆಳೆಯಷ್ಟೂ ಹಿಂದೆ ಮುಂದೆ ಇಲ್ಲದೆ ಮೀಟಿದ. ಎರಡು ವಾದ್ಯ ಅಂತ ನನಗೇ ತಿಳಿಯಲಿಲ್ಲ.

ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಸಬೀರಾ ನಡೆದು ಬಂದು ಅವನನ್ನು ಎಬ್ಬಿಸಿ ನಿಲ್ಲಿಸಿದಳು. ಎರಡನೆಯ ಸ್ಟ್ಯಾಂಡಿನ ವಿಯೋಲಾದವನನ್ನು ಯಾರೂ ಹಾಗೆ ನಿಲ್ಲಿಸುವುದಿಲ್ಲ. ಅವನಿಗೆ ಎಲ್ಲಿ ನೋಡಬೇಕೋ ತೋಚದೆ ನನ್ನ ಬೂಟುಗಳನ್ನೇ ನೋಡುತ್ತಾ ನಿಂತ.

ಮೇ 28, ಬುಧವಾರ, ಮಧ್ಯಾಹ್ನ

ಕ್ರಮವಾಗಿ ಬರೆಯಬೇಕು.

ಟ್ರೋಫಿಮ್ ಲಾಕರ್ ಖಾಲಿ ಮಾಡಲು ಹೋಗಿದ್ದ, ನನ್ನನ್ನೂ ಕರೆದಿದ್ದ. ಮುಗಿಸಿ ಹೊರಡುವಾಗ ಅಂದ, "ಮುಂದಿನ ವರ್ಷ ನಾನು ಕೆಳಗೆ ಜನರ ಜೊತೆ ಕೂರಬೇಕಲ್ಲ. ಯಾವ ಕುರ್ಚಿ ಅಂತ ಈಗಲೇ ನೋಡಿಟ್ಕೋಬೇಕು. ಹೋಗಿ ನಿನ್ನ ಜಾಗದಲ್ಲಿ ಕೂತ್ಕೋ."

ಖಾಲಿ ವೇದಿಕೆ. ನನ್ನ ಕುರ್ಚಿಯಲ್ಲಿ ಕೂತು ವಿಯೋಲಾ ತೆಗೆದೆ. ಕೆಳಗೆ ಮುದುಕಿ ನ್ಯೂರಾ ಸಾಲುಗಳ ನಡುವೆ ನೆಲ ಒರೆಸುತ್ತಿದ್ದಳು. ಅವನು ಮೂರನೆಯ ಸಾಲಿಗೆ ಹೋದ. "ಸ್ಟ್ಯಾಂಡ್ ಅಡ್ಡ ಬರುತ್ತೆ." ಹನ್ನೆರಡಕ್ಕೆ ಹೋದ. "ನೀನು ಬಟಾಣಿಯಷ್ಟು ಕಾಣ್ತೀಯ." ಬಲಕ್ಕೆ, ಎಡಕ್ಕೆ. ನ್ಯೂರಾ ಗದರಿದಳು: "ಏನಯ್ಯಾ, ಒರೆಸಿದ ಕಡೆಯೆಲ್ಲ ತುಳೀತಿದೀಯಲ್ಲ."

ಏಳನೆಯ ಸಾಲು, ಎಡಗಡೆ, ಅಂಚಿನಿಂದ ನಾಲ್ಕನೆಯದು. ಕೂತ. "ನುಡಿಸು ಏನಾದ್ರೂ."

ನುಡಿಸಿದೆ. ಎಷ್ಟು ಹೊತ್ತೋ. ನಿಲ್ಲಿಸಿದಾಗ ಅಂದ:

"ನುಡಿಸುವಾಗ ಕೆಳದುಟಿ ಕಚ್ಕೋತೀಯ ನೀನು."

"ಇಲ್ಲಪ್ಪ."

"ಕಚ್ಕೋತೀಯ. ಇಪ್ಪತ್ತೊಂಬತ್ತು ವರ್ಷ ನಿನ್ನ ಒಂದೇ ಕಿವಿ ನೋಡಿದೀನಿ ರೌಝಾ. ನುಡಿಸೋವಾಗ ಎದುರಿಂದ ಇವತ್ತೇ ನೋಡಿದ್ದು."

ಆಮೇಲೆ ಅಲ್ಲಿಂದಲೇ, ಏಳನೆಯ ಸಾಲಿನಿಂದ, ಖಾಲಿ ಹಾಲಿನಲ್ಲಿ ಎಲ್ಲ ಕೇಳುವ ಹಾಗೆ: "ನನ್ನವಳು ಲ್ಯೂಡಾ ತೀರ್ಕೊಂಡು ಎಂಟು ವರ್ಷ ಆಯ್ತು. ನಿನ್ನ ಪಕ್ಕದಲ್ಲಿ ಕೂತೇ ದಿನ ಕಳೆದೆ. ಇನ್ನು ಕುರ್ಚಿ ಇಲ್ಲ. ಬೇರೆ ಕಡೆ ಕೂರೋಕೆ ನನಗೆ ಬರಲ್ಲ. ನಮ್ಮ ಮನೆಗೆ ಬಂದುಬಿಡು."

ನ್ಯೂರಾ ಒರೆಸುವ ಕೋಲಿಗೆ ಒರಗಿ ನಿಂತಳು. "ಹೋಗಮ್ಮಾ" ಅಂದಳು. "ನೆಲ ಒಣಗೋದರೊಳಗೆ ಹೇಳಿಬಿಡು."

ಭಾನುವಾರ ಹನ್ನೊಂದಕ್ಕೆ ಟೀಗೆ ಬಾ, ಹೇಳುತ್ತೇನೆ ಅಂದೆ. ವಿಯೋಲಾ ಪೆಟ್ಟಿಗೆಯಲ್ಲಿ ಕಮಾನು ತಲೆಕೆಳಗಾಗಿ ಇಟ್ಟಿದ್ದೆ, ಮನೆಗೆ ಬಂದ ಮೇಲೆ ನೋಡಿದೆ.

ಜೂನ್ 1, ಭಾನುವಾರ, ಬೆಳಗ್ಗೆ 10.40

ಮೂರು ದಿನ ಒಂದೇ ಯೋಚನೆ. ಕೈ ನಡುಗುವ ಗಂಡಸಿಗೆ ಬೇಕಾಗಿರುವುದು ನಾನೋ, ಅಂಗಿಯ ಗುಂಡಿ ಹಾಕಿಕೊಡುವವಳೋ? ಅಕ್ಕಪಕ್ಕದವರು ಅದನ್ನೇ ಅನ್ನುತ್ತಾರೆ. ಮಗಳಿಗೆ ಫೋನ್ ಮಾಡಿದೆ. ಅವಳು, "ಅಮ್ಮಾ, ನಿಮ್ಮಿಬ್ಬರಿಗೂ ಇದು ಇವತ್ತು ಹೊಳೀತಾ?" ಅಂದಳು.

ಇಂದು ಬೆಳಗ್ಗೆ ಹಿಟ್ಟು ನಾದುತ್ತಾ ಸ್ಪಷ್ಟವಾಯಿತು. ನೋಡಿಕೊಳ್ಳುವವಳು ಬೇಕಿದ್ದರೆ ಚಳಿಗಾಲದಲ್ಲೇ ಸಿಕ್ಕಿದ್ದಳಲ್ಲ. ಕೇಳದೆಯೇ ಮಾಡಿದ್ದೆ. ಅದಕ್ಕೇ ಒಂದೂವರೆ ತಿಂಗಳು ಮಾತು ಬಿಟ್ಟವನು ಅವನು. ಅವನು ಕೇಳುತ್ತಿರುವುದು ಬೇರೆ.

ಬೌರ್ಸಾಕ್ ಕರಿದಿಟ್ಟಿದ್ದೇನೆ. ನೀಲಿ ಉಡುಪು. ಬೇಡ, ಹಸಿರು. ಸೇರಿಕ್‌ನ ಫೋಟೋ ಅಲ್ಲೇ ಇರಲಿ, ಲ್ಯೂಡಾಳದನ್ನೂ ತರಲಿ, ಇಬ್ಬರೂ ಪಕ್ಕಪಕ್ಕ ಇರಲಿ. ಕಿಟಕಿಯ ಹತ್ತಿರದ ಕಪಾಟು ನಿನ್ನೆಯೇ ಖಾಲಿ ಮಾಡಿದೆ. ಯಾಕೆಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಕೆಳಗಿನ ಬಾಗಿಲು ಸದ್ದಾಯಿತು. ಇನ್ನೂ ಹನ್ನೊಂದಾಗಿಲ್ಲ. ಅವನೇ — ಮೆಟ್ಟಿಲ ಮೇಲೆ ಆ ಹೆಜ್ಜೆ ಬೇರೆ ಯಾರದೂ ಅಲ್ಲ. ಮೂರು ಮಹಡಿ ಹತ್ತಬೇಕು, ಒಂದು ನಿಮಿಷ ಇದೆ. ಆಮೇಲೆ ಮಾತು ಬದಲಿಸಬಾರದಲ್ಲ, ಬರೆದಿಡುತ್ತೇನೆ: ಹೂಂ ಅನ್ನುತ್ತೇನೆ. ಆದರೆ ಅವನ ಮನೆಯ ಆ ಕತ್ತಲೆ ಅಡುಗೆಮನೆಗೆ ನಾನು ಹೋಗುವುದಿಲ್ಲ, ಅವನೇ ಇಲ್ಲಿಗೆ ಬರ—