ಮಿಷನ್ ಬಿಟ್ಟು ಬರೋ ಹಂಗಿಲ್ಲ

ಸಿದ್ದಣ್ಣ,

ನಾನು ಕಾಗದ ಬರೆಯುತ್ತಿದ್ದೇನೆ ಅಂದರೆ ಮೊದಲು ನಗುವವನು ನೀನೇ. "ಏನಪ್ಪಾ ಹೆಡ್ಮಾಷ್ಟ್ರೇ, ಒಂಬತ್ತನೇ ಕ್ಲಾಸಿಗೇ ಚೀಲ ಬಿಸಾಕಿದೋನು ಈಗ ಪೆನ್ನು ಹಿಡ್ಕೊಂಡು ಕುಂತೀಯ?" ನಗು, ಪರವಾಗಿಲ್ಲ. ಊರಲ್ಲಿ ಯಾರನ್ನೂ ಕೇಳಲಾಗದ ಒಂದು ಮಾತು ನನ್ನೊಳಗಿದೆ. ಕೇಳಿದರೆ ಅವರವರಿಗೆ ಒಪ್ಪುವ ಉತ್ತರ ಕೊಡುತ್ತಾರೆ. ನೀನಾದರೆ... ನೀನಾದರೂ ಸರಿಯಾಗಿ ಹೇಳುತ್ತಿದ್ದೆಯೋ ಇಲ್ಲವೋ. ನಗಿಸಿ ಜಾರಿಕೊಳ್ಳುವುದರಲ್ಲಿ ನಿನ್ನನ್ನು ಮೀರಿಸುವವರಿರಲಿಲ್ಲ.

ನೀನು ಹೋದ ದಿನ ನೆನಪಾಗುತ್ತದೆ. ಊರಲ್ಲಿ ಯಾರು ಸತ್ತರೂ ನಿನ್ನ ಮೈಕೇ ಹೇಳಬೇಕಿತ್ತು. ಆವತ್ತು ಅದು ಸುಮ್ಮನಿತ್ತು. ಹಾಲು ಹಾಕಲು ಡೇರಿಗೆ ಹೋದವರು ಒಬ್ಬರಿಂದ ಒಬ್ಬರು ಕೇಳಿಕೊಂಡು ಬಂದರು. ಅರ್ಧ ಊರು ನಂಬಲೇ ಇಲ್ಲ. "ಸಿದ್ದಣ್ಣ ಸತ್ತಿದ್ರೆ ಮೈಕಲ್ಲಿ ಹೇಳ್ತಿದ್ನಲ್ಲ" ಅಂದಳು ಕೆಂಚವ್ವ. ಹೇಳಿದ ಮೇಲೆ ತಾನು ಏನೆಂದೆ ಅನ್ನುವುದು ಹೊಳೆದು, ಅಲ್ಲೇ ಡೇರಿ ಮೆಟ್ಟಿಲ ಮೇಲೆ ಕೂತು ಅತ್ತಳು. ಅವಳ ಮೇಕೆ ಕಳೆದಾಗ ನೀನು ಸಾರಿದ್ದು ನೆನಪಿದೆಯಾ? "ಬಿಳೀ ಮೇಕೆ, ಕರೀ ಕಿವಿ, ಕೆಂಚವ್ವನಷ್ಟೇ ಹಟಮಾರಿ. ಸಿಕ್ದೋರು ತಂದು ಒಪ್ಪಿಸ್ಬೇಕು, ಸಾರಿಗೆ ಹಾಕ್ಬಾರ್ದು." ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದವಳೂ ಅವಳೇ.

ಅಕ್ಕನ ಮದುವೆಯಲ್ಲಿ ನೀನು ನಮ್ಮ ಮನೆ ಮುಂದಿನ ಹೊಂಗೆಮರಕ್ಕೆ ಮೈಕಿನ ಹಾರನ್ ಕಟ್ಟಿದ್ದೆ. ಬೀರೂರಿನಿಂದ ಬಂದ ಬೀಗರನ್ನು ಊಟಕ್ಕೆ ಕರೆದಿದ್ದು ನೀನು. "ನಾಚ್ಕೋಬೇಡಿ, ಒಳಗೆ ಬನ್ನಿ, ಪಂಕ್ತಿ ಕೂರ್ತೈತೆ. ಗಂಡಿನ ಸೋದರಮಾವ ಎರಡನೇ ಪಂಕ್ತೀಲೂ ಕುಂತವ್ರೆ, ದಯವಿಟ್ಟು ಏಳಿ." ಜನ ಬಿದ್ದು ಬಿದ್ದು ನಕ್ಕರು. ಊರನ್ನೆಲ್ಲ ಒಳಗೆ ಕರೆದವನು ನೀನು ಮಾತ್ರ ಮರದ ಕೆಳಗೆ ಆಂಪ್ಲಿಫೈಯರ್ ಪಕ್ಕ ಎಲೆ ಹಾಕಿಸಿಕೊಂಡೆ. "ಮಿಷನ್ ಬಿಟ್ಟು ಬರೋ ಹಂಗಿಲ್ಲ ಕಣವ್ವ, ಇಲ್ಲಿಗೇ ಬಡಿಸ್ಬಿಡು." ನಾನು ಹತ್ತಿರ ಬಂದು, "ಮಿಷನ್ ನಾನು ನೋಡ್ಕೋತೀನಿ, ನೀನೋಗಿ ಉಣ್ಣು" ಅಂದೆ. ನೀನು ನನ್ನ ಮುಖ ನೋಡಿದೆ. ಆಮೇಲೆ ಪಂಕ್ತಿಯ ಕಡೆ ನೋಡಿದೆ. ಆಮೇಲೆ ನಕ್ಕೆ. "ನಿನ್ ಕೈಗೆ ಮೈಕ್ ಕೊಟ್ರೆ ಬೀಗರು ಹೆಣ್ಣು ಬಿಟ್ಟು ಓಡೋಯ್ತಾರೆ ಕಣೋ." ನಾನೂ ನಕ್ಕುಬಿಟ್ಟೆ. ಆ ನೋಟಕ್ಕೆ ಏನರ್ಥ ಸಿದ್ದಣ್ಣ? ಅರ್ಥವೇ ಇರಲಿಲ್ಲವಾ?

ಸಂಜೆ ಹೊತ್ತು ನೀನು ನಮ್ಮ ಜಗಲಿಗೆ ಬಂದು ಕೂರುತ್ತಿದ್ದೆ. ಗೋಡೆಯ ಗೂಡಿನಲ್ಲಿ ನಿನ್ನ ಲೋಟ, ನಿನ್ನ ತಟ್ಟೆ ಇರುತ್ತಿದ್ದವು. ಚಿಕ್ಕವನಿದ್ದಾಗ ನನಗೆ ಹೊಟ್ಟೆಕಿಚ್ಚು, ನಿನಗೇ ಅಂತ ಬೇರೆ ಲೋಟ ಇದೆ, ನನಗಿಲ್ಲ ಅಂತ! ಒಂದು ದಿನ ಅವ್ವ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಒಳಗೆ ಅಪ್ಪ ತಟ್ಟೆ ತಳ್ಳಿ ಕೂಗಾಡುತ್ತಿದ್ದರೆ, ನೀನು ಜಗಲಿಯಲ್ಲಿ ಅದೇ ಸಾರನ್ನು ಸೊರ್ರನೆ ಕುಡಿದು, "ನಿನ್ ಕೈ ಸಾರು ಅಂದ್ರೆ ಸಾರು ಕಣವ್ವ" ಅಂದಿದ್ದೆ. ಅವ್ವ ಆ ಮಾತನ್ನು ವರ್ಷಗಟ್ಟಲೆ ಅಪ್ಪನಿಗೆ ಚುಚ್ಚಿ ಚುಚ್ಚಿ ಹೇಳಿದಳು. ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದ್ದನ್ನು ನಾನೇ ಹೇಳಿಬಿಡುತ್ತೇನೆ. ನಿನ್ನ ಮನೆ ಕೇರಿಯಲ್ಲಿತ್ತು, ನಮ್ಮದು ಊರೊಳಗೆ. ನಿನ್ನ ಮೇಲೆ ಎಲ್ಲರಿಗೂ ಪ್ರೀತಿ ಇತ್ತು. ಲೋಟವೂ ಬೇರೆ ಇತ್ತು. ಇವೆರಡೂ ಒಂದೇ ಮನೆಯಲ್ಲಿ ಹೇಗೆ ಇದ್ದವು?

ಪಿತೃಪಕ್ಷ ಹತ್ತಿರ ಬಂದಾಗ ಅವ್ವ ಕಡೂರಿಗೆ ಹೋಗಿ ನಿನಗೆ ಅಂತ ಹೊಸ ಪಂಚೆ ತಂದಳು. "ಈ ಸಲ ಸಿದ್ದಣ್ಣಂಗೂ ಒಂದು ಎಡೆ ಇಡ್ತೀನಿ. ನಮ್ಮಣ್ಣ ಇದ್ದಂಗಿದ್ದ." ನಡುಮನೆಯಲ್ಲಿ, ತಾತನ ಫೋಟೋ ಪಕ್ಕದಲ್ಲೇ. ನನ್ನ ಬಾಯಿ ನಿನಗೆ ಗೊತ್ತಲ್ಲ.

"ಬದುಕಿದ್ದಾಗ ಆ ಹೊಸಿಲು ದಾಟಿದ್ನಾ ಅವ್ವ?"

"ಕರೆದೆ ಕಣೋ. ಎಷ್ಟು ಸಲ ಕರೆದೀನಿ! ಮಿಷನ್ ಬಿಟ್ಟು ಬರಲ್ಲ ಅಂದೋನು ಅವ್ನೇ."

"ಸಾಯಂಕಾಲ ಬತ್ತಿದ್ನಲ್ಲ, ಆವಾಗ ಯಾವ ಮಿಷನ್ ಇತ್ತು?"

"ನಿನ್ ನಾಲಿಗೆಗಿಷ್ಟು ಬೆಂಕಿ ಹಾಕ" ಅಂದಳು. ಅಂದು, ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತಳು. ಆ ಅಳು ನಾಟಕವಲ್ಲ ಸಿದ್ದಣ್ಣ, ಆಣೆ ಮಾಡಿ ಹೇಳುತ್ತೇನೆ. ಅದಕ್ಕೇ ನನಗೆ ತಲೆಬುಡ ತಿಳಿಯುತ್ತಿಲ್ಲ.

ಮರುದಿನ ಅವಳೇ ನನ್ನನ್ನು ನಿಮ್ಮ ಮನೆಗೆ ಕಳಿಸಿದಳು. ಎಡೆಗೆ ಏನು ಮಾಡಲಿ, ನಿನಗೆ ಏನು ಇಷ್ಟ ಅಂತ ನಿನ್ನ ಮಗಳನ್ನು ಕೇಳಿಕೊಂಡು ಬಾ ಅಂತ. ಸುಜಾತಕ್ಕ ತರೀಕೆರೆಯಿಂದ ರಜಾ ಹಾಕಿ ಬಂದಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ನಿನ್ನದು. ಅಕ್ಕಿ ಆರಿಸುತ್ತಾ ತಲೆ ಎತ್ತದೆ ಹೇಳಿದಳು. "ನಾವು ಎಡೆ ಇಡಲ್ಲ ಕಣೋ. ಅಪ್ಪ ಬೌದ್ಧ ದೀಕ್ಷೆ ತಗೊಂಡ್ಮೇಲೆ ಅವೆಲ್ಲ ಬಿಟ್ವಿ. ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಊರಿನ ಸುದ್ದಿಯನ್ನೆಲ್ಲ ಸಾರಿದವನು ಇದೊಂದನ್ನು ಯಾಕೆ ಹೇಳಲಿಲ್ಲ? ನಾವು ಕೇಳಲಿಲ್ಲ ಅಂತಲಾ?

ಹೊರಡುವಾಗ ಸುಜಾತಕ್ಕ ಬಾಗಿಲಿಗೆ ಬಂದಳು. "ಸತ್ತೋರಿಗೆ ಬಡಿಸೋದು ಯಾಕೆ? ಅಮಾವಾಸ್ಯೆ ದಿನ ಅಪ್ಪನ ನೆನಪಿಗೆ ನಾಕು ಜನಕ್ಕೆ ಊಟ ಹಾಕ್ತಿದ್ದೀವಿ. ನಿಮ್ಮವ್ವಂಗೆ ಬರೋಕೇಳು." ಕರೆದಳೋ, ಪರೀಕ್ಷೆ ಮಾಡಿದಳೋ, ಈಗಲೂ ಗೊತ್ತಿಲ್ಲ. ನಾನು ಒಂದಕ್ಷರ ಬಿಡದೆ ಅವ್ವನಿಗೆ ಹೇಳಿದೆ. ಅವಳು ಒಲೆ ಊದುತ್ತಾ ಕೂತಳು, ಅಷ್ಟೇ.

ಅಮಾವಾಸ್ಯೆಯ ದಿನ ಎಡೆ ಇಟ್ಟು, ಸತ್ತವರು ಬಂದು ಉಣ್ಣಲಿ ಅಂತ ಬಾಗಿಲು ಮುಂದಕ್ಕೆ ಎಳೆದು, ಎಂದಿನಂತೆ ನಾವೆಲ್ಲ ಜಗಲಿಗೆ ಬಂದು ಕೂತೆವು. ನೀನು ಕೂರುತ್ತಿದ್ದ ಜಾಗದಲ್ಲೇ ನನಗೆ ಜಾಗ ಸಿಕ್ಕಿತು. ಒಳಗೆ ನಿನ್ನ ಎಲೆ ಇರಲಿಲ್ಲ. ಅವ್ವ ಹಾಕಿರಲಿಲ್ಲ. ಮನೆಯವರ ಊಟವಾದ ಮೇಲೆ, ಅವಳು ಮಾತ್ರ ತಟ್ಟೆ ಮುಟ್ಟದೆ, ಪಂಚೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. "ಬಾ" ಅಂದಳು. ಹೋದೆ.

ನಿಮ್ಮ ಮನೆ ಜಗಲಿ ಹತ್ತಿರ ಅವಳ ಕಾಲು ನಿಂತವು. ಸುಜಾತಕ್ಕ, "ಒಳಗೆ ಬಾ ಅಕ್ಕ, ಎಲೆ ಹಾಕೀವಿ" ಅಂದಳು. ಅಮ್ಮಾವ್ರೇ ಅನ್ನಲಿಲ್ಲ, ಅಕ್ಕ ಅಂದಳು. ಅವ್ವ ಪಂಚೆ ಮುಂದೆ ಹಿಡಿದಳು.

"ಇಲ್ಲ ಕಣವ್ವ, ಮನೇಲಿ ಹಸ ಈಯೋ ಹಂಗೈತೆ. ಬಿಟ್ಟು ಬರೋ ಹಂಗಿಲ್ಲ. ಇದು ಕೊಟ್ಟು ಹೋಗಾನ ಅಂತ..."

ಆ ಮಾತು ಎಲ್ಲಿಯದು ಅಂತ ಅವಳಿಗೆ ಗೊತ್ತಾಯಿತಾ? ನನಗಂತೂ ಮರಕ್ಕೆ ಕಟ್ಟಿದ ಹಾರನ್ನಿನಿಂದ ಬಂದ ಹಾಗೆ ಕೇಳಿಸಿತು. ನನ್ನ ಬಾಯಿಂದ ಹಳೇ ಮಾತೇ ಬಂತು. "ಹಸ ನಾನು ನೋಡ್ಕೋತೀನಿ. ನೀನೋಗಿ ಉಣ್ಣು."

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ನಿನ್ನ ಹಾಗೆ ತಮಾಷೆ ಮಾಡಿ ಜಾರಿಕೊಳ್ಳಲು ಅವಳಿಗೆ ಬರುವುದಿಲ್ಲ. ಚಪ್ಪಲಿ ಬಿಟ್ಟಳು.

ನಾನು ಓಡಿ ಮನೆಗೆ ಬಂದೆ. ಹಸು ಮಲಗಿ ಆರಾಮಾಗಿ ಮೆಲುಕು ಹಾಕುತ್ತಿತ್ತು. ಈಯುವ ಲಕ್ಷಣವೇ ಇರಲಿಲ್ಲ. ಆದರೂ ಮಾತು ಕೊಟ್ಟಿದ್ದೆನಲ್ಲ, ಪಕ್ಕದಲ್ಲೇ ಕೂತೆ. ಒಳಗೆ ಕೂತು ಉಂಡಳೋ, ಎಲೆ ಮುಟ್ಟಿ ಎದ್ದಳೋ, ನೋಡಲು ನಾನಿರಲಿಲ್ಲ. ನೀನು ಬಾರದೆ ಉಳಿದಿದ್ದು ಕರೆಯಲಿಲ್ಲವೆಂದೋ, ಕರೆದ ರೀತಿ ಸರಿಯಿರಲಿಲ್ಲವೆಂದೋ, ಅಥವಾ ಬರುವುದೇ ನಿನಗೆ ಬೇಡವಾಗಿತ್ತೋ... ಎಷ್ಟು ಯೋಚಿಸಿದರೂ ಅದು ಬಗೆಹರಿಯಲಿಲ್ಲ. ಇನ್ನು ಬಗೆಹರಿಯುವುದೂ ಇಲ್ಲವೇನೋ.

ಹೊತ್ತು ಇಳಿಯುವಾಗ ಅವ್ವ ಬರಿಗೈಯಲ್ಲಿ ಬಂದಳು. ಕಾಲು ತೊಳೆಯುತ್ತಿದ್ದಾಗ, "ಉಂಡ್ಯಾ?" ಅಂದೆ.

"ಸಾರಿಗೆ ಉಪ್ಪು ಕಮ್ಮಿ" ಅಂದಳು. "ಆ ಹುಡುಗಿಗೆ ಅಲ್ಲೇ ಹೇಳ್ದೆ. ನಕ್ಕಂಡು ಇನ್ನೊಂಚೂರು ಹಾಕ್ಕೊಂಡು ಬಂದ್ಲು."

ಇಷ್ಟೇ ಸುದ್ದಿ ಸಿದ್ದಣ್ಣ. ಮೈಕಿದ್ದಿದ್ದರೆ ನೀನೇ ಸಾರುತ್ತಿದ್ದೆಯೇನೋ. ಗೂಡಿನಲ್ಲಿ ನಿನ್ನ ಲೋಟ ಇನ್ನೂ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ಒಂದೇ ನೆನಪು. ನೀನು ಒಂದು ದಿನವೂ ನಮ್ಮನೆ ಸಾರಿಗೆ ಉಪ್ಪು ಕಮ್ಮಿ ಅನ್ನಲಿಲ್ಲ. ಉಪ್ಪೇ ಇಲ್ಲದ ದಿನವೂ.