ಒಂಟೆಹಾಲು ಕುಡಿದಿರಿ, ಸೂಜಿ ಯಾಕೆ ಮುಚ್ಚಿಟ್ಟಿರಿ?

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮೂರ ಸಮುದಾಯ ಭವನದ ವೇದಿಕೆಯ ಮೇಲೆ ನಿಂತು ನೀವು ಒಂದು ಗ್ಲಾಸು ಒಂಟೆಹಾಲು ಕುಡಿದಿರಿ. ಮರುದಿನ ನನ್ನ ಅಕ್ಕ ಸುಂದರಾ ಇನ್ಸುಲಿನ್ ಬಿಟ್ಟಳು. ಐದು ತಿಂಗಳಿಗೆ ಅವಳ ಎಡಗಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರು. ಮಿರಜಿನ ದವಾಖಾನೆಯಲ್ಲಿ ಇದ್ದಷ್ಟು ದಿನ ಸೂಜಿ ಹಾಕಿಸಿಕೊಂಡಳು, ಮನೆಗೆ ಬಂದು ಎರಡು ವಾರಕ್ಕೆ ಮತ್ತೆ ಬಿಟ್ಟಿದ್ದಾಳೆ. ಅದಕ್ಕೇ ಈ ಪತ್ರ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ಚಿಕ್ಕೋಡಿ ಭಾಗದ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ಅಂದಿನ ಸಕ್ಕರೆ ಕಾಯಿಲೆ ಶಿಬಿರಕ್ಕೆ ಮುನ್ನೂರು ಜನ ಬರಲೇಬೇಕು ಎಂದು ನಿಮ್ಮ ಕಚೇರಿಯಿಂದ ಮೊಬೈಲಿಗೆ ಸಂದೇಶ ಬಂದಾಗ ಮನೆಮನೆ ತಿರುಗಿ ಜನ ಕೂಡಿಸಿದವಳು. ಹನ್ನೊಂದು ವರ್ಷದಿಂದ ಅದೇ ಮನೆಗಳ ಕಟ್ಟೆಯ ಮೇಲೆ ಕೂತು, 'ಸೂಜಿ ತಪ್ಪಿಸಬ್ಯಾಡ್ರಿ, ಗುಳಿಗಿ ಬಿಡಬ್ಯಾಡ್ರಿ' ಎಂದು ಗಂಟಲು ಹರಿದುಕೊಂಡವಳು. ಹನ್ನೊಂದು ವರ್ಷದ ನನ್ನ ಮಾತನ್ನು ನೀವು ಒಂದು ಗ್ಲಾಸಿನಲ್ಲಿ ತೊಳೆದು ಹಾಕಿದಿರಿ. ನಿಮ್ಮ ಕಾರ್ಯದಕ್ಷತೆಗೆ ನಮಸ್ಕಾರ.

ಅಂದು ನಿಪ್ಪಾಣಿ ಕಡೆಯಿಂದ ಹೆದ್ದಾರಿ ಇಳಿದು ನಾಲ್ಕು ಒಂಟೆಗಳು ಬಂದಿದ್ದವು. ಹಾಲು ಮಾರುವವರು ನಿಮ್ಮ ತಲೆಗೆ ಕೇಸರಿ ಫೇಟಾ ಸುತ್ತಿದರು. ನೀವು ಮೈಕು ಹಿಡಿದು ಹೇಳಿದ ಮಾತು ನನಗೆ ಇಂದಿಗೂ ಬಾಯಿಪಾಠ: 'ನನಗೂ ಹನ್ನೆರಡು ವರ್ಷದಿಂದ ಶುಗರ್ ಐತ್ರಿ. ದಿನಾ ಮುಂಜಾನೆ ಇದನ್ನ ಒಂದು ಗ್ಲಾಸ್ ಕುಡೀತೀನಿ. ನೋಡ್ರಿ, ಹೆಂಗ ಗಟ್ಟಿ ಅದೀನಿ!' ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಅಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು.

ಊಟ ಪಂಚಾಯತಿಯ ಹಿಂದಿನ ಕೋಣೆಯಲ್ಲಿತ್ತು. ಹೋಳಿಗೆ ಬಡಿಸಲು ನಾನೇ ನಿಂತಿದ್ದೆ. 'ಏನವ್ವಾ, ಒಂದೀಟು ಹೊರಗ ನಿಂದ್ರು' ಎಂದಿರಿ. ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ತಿರುಗಿದೆ, ಆಗ ಕಂಡಿತು. ನೀವು ಗೋಡೆಗೆ ಮುಖ ಮಾಡಿ, ಚೀಲದಿಂದ ಇನ್ಸುಲಿನ್ ಪೆನ್ನು ತೆಗೆದು, ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡಿರಿ. ಆಮೇಲೆ ಎರಡು ಹೋಳಿಗೆ ತಿಂದಿರಿ. ಹೋಳಿಗೆ ಬಗ್ಗೆ ನನ್ನ ತಕರಾರಿಲ್ಲ.

ಸಕ್ಕರೆ ಕಾಯಿಲೆ ನಾಚಿಕೆಯ ವಿಷಯವಲ್ಲ ಸಾಹೇಬರೇ, ಸೂಜಿಯೂ ಅಲ್ಲ. ನಿಮ್ಮ ಕಾಯಿಲೆಯನ್ನು ನಾನು ಊರಿಗೆ ಸಾರುತ್ತಿದ್ದೇನೆ ಎಂದು ಸಿಟ್ಟಾಗಬೇಡಿ, ಮೈಕಿನಲ್ಲಿ ಸಾರಿದವರು ನೀವೇ. ಅರ್ಧ ಸಾರಿದಿರಿ, ಉಳಿದ ಅರ್ಧವನ್ನು ಗೋಡೆಗೆ ಮುಖ ಮಾಡಿ ಮುಗಿಸಿದಿರಿ. ಒಂಟೆಹಾಲಿನ ಮೇಲೂ ನನಗೆ ದ್ವೇಷವಿಲ್ಲ. ಔಷಧದ ಜೊತೆಗೆ ಕುಡಿದರೆ ಸಕ್ಕರೆ ಹತೋಟಿಗೆ ಒಂದಿಷ್ಟು ನೆರವಾಗಬಹುದು ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವಂತೆ, ಗಟ್ಟಿ ಪುರಾವೆ ಇನ್ನೂ ಬೇಕಂತೆ. ಆ 'ಜೊತೆಗೆ' ಎಂಬ ಮಾತು ನಿಮ್ಮ ಬಾಯಿಂದ ಬರಲು ಎಷ್ಟು ಉಸಿರು ಬೇಕಿತ್ತು?

ನೀವೂ ಇದೇ ಸೀಮೆಯಲ್ಲಿ ಬೆಳೆದವರು. ಪಥ್ಯ ಎಂದರೆ ನಮ್ಮ ಜನಕ್ಕೆ ಏನೆಂದು ನಿಮಗೆ ಗೊತ್ತಿಲ್ಲವೇ? ಕಾಮಾಲೆಗೆ ಸೊಪ್ಪಿನ ಔಷಧ ಕುಡಿದರೆ ದವಾಖಾನೆಯ ಗುಳಿಗೆ ಬಿಡಬೇಕು, ಎರಡು ಔಷಧ ಒಂದೇ ಹೊಟ್ಟೆಯಲ್ಲಿ ಕೂಡಿದರೆ ವಿಷವಾಗುತ್ತದೆ, ಇದು ಇಲ್ಲಿ ಮನೆಮನೆಯ ನಂಬಿಕೆ. ಹಾಲೇ ಔಷಧ ಎನ್ನುವಂತೆ ಅಧಿಕಾರಿಯೇ ಮಾತಾಡಿದ ಮೇಲೆ ಸೂಜಿ ಬಿಡಬೇಕೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕನ ಮನೆಯಲ್ಲಿ ಫ್ರಿಜ್ಜಿಲ್ಲ. ಇನ್ಸುಲಿನ್ ಬಾಟಲಿಯನ್ನು ಹಸಿ ಉಸುಕಿನ ಗಡಿಗೆಯಲ್ಲಿ ತಂಪಾಗಿ ಇಡುತ್ತಿದ್ದಳು. ಮರುದಿನ ಹೋಗಿ ನೋಡಿದರೆ ಗಡಿಗೆಯಲ್ಲಿ ಹಾಲಿನ ಬಾಟಲಿ ಕೂತಿತ್ತು.

ಅಥಣಿ ಕಡೆಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದ ಅವಳಿಗೆ ತಂತಿ ತಾಗಿ ಪಾದ ಸೀಳಿತು. ಸಕ್ಕರೆ ಏರಿ ಪಾದ ಮರಗಟ್ಟಿತ್ತು, ನೋವೇ ತಿಳಿಯಲಿಲ್ಲ. ಗಾಯ ಕೀವಾದಾಗ ನಾನು ಅತ್ತು ಕರೆದು ಎರಡು ದಿನ ಜುಲುಮೆಯಿಂದ ಸೂಜಿ ಹಾಕಿದೆ. ಅಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಅವಳು ಮಂಚದ ಮೇಲೆ ಕೂತು ನನಗೆ ಹೇಳುವುದನ್ನು ಕೇಳಿ: 'ನೀನ ನಡುವ ಸೂಜಿ ಚುಚ್ಚಿ ಪಥ್ಯ ಮುರದಿ. ಅದಕ್ಕ ನನ್ನ ಕಾಲು ಹೋತು.'

'ಅಕ್ಕಾ, ಸಾಹೇಬ್ರೂ ಸೂಜಿ ತಗೋತಾರ. ನಾ ಕಣ್ಣಾರೆ ನೋಡೇನಿ' ಎಂದೆ.

'ಬಾಯಿ ಮುಚ್ಚ ಸೀಮಾ. ಅಂಥಾ ದೊಡ್ಡ ಮನಷ್ಯಾ ಮಂದಿ ಮುಂದ ಒಂದು, ಹಿಂದ ಒಂದು ಮಾಡ್ತಾನೇನ?'

ಇದಕ್ಕೆ ನಾನೇನು ಉತ್ತರ ಕೊಡಲಿ? ನೀವೇ ಹೇಳಿಕೊಡಿ. ನಿಮ್ಮ ಕಚೇರಿಗೆ ಎರಡು ಸಲ ಬಂದೆ. 'ಇನ್ಸುಲಿನ್ ಬಿಡ್ರಿ ಅಂತ ನಾ ಯಾವಾಗ ಅಂದೇನ್ರಿ? ಶಿಬಿರದ ವಿಡಿಯೊ ನೋಡ್ರಿ' ಎಂದು ಕಳಿಸಿದಿರಿ. ನೋಡಿದೆ. ನಿಜ, ನೀವು ಒಂದೇ ಒಂದು ಸುಳ್ಳು ಹೇಳಿಲ್ಲ. ಅಷ್ಟು ಅಚ್ಚುಕಟ್ಟಾಗಿ ನಮಗೆ ಯಾರೂ ಮೋಸ ಮಾಡಿರಲಿಲ್ಲ.

ತಪ್ಪು ನನ್ನದೂ ಇದೆ, ಮುಚ್ಚಿಡುವುದಿಲ್ಲ. ಆ ಕೋಣೆಯಿಂದ ಹೊರಬಂದು ಅಂದೇ ಕೂಗಿ ಹೇಳಬೇಕಿತ್ತು. ಕೆಲಸ ಹೋದೀತೆಂದು ಹೆದರಿದೆ. ನಾಳೆ ನೀವೇ ತಿದ್ದಿ ಹೇಳುತ್ತೀರಿ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ಆ ನಾಳೆ ಬರಲೇ ಇಲ್ಲ.

ನನಗೆ ನಿಮ್ಮ ವರ್ಗಾವಣೆ ಬೇಡ, ಪರಿಹಾರ ಬೇಡ, ತನಿಖಾ ಸಮಿತಿಯಂತೂ ಬೇಡವೇ ಬೇಡ. ನೀವು ನಮ್ಮೂರಿಗೆ ಬರಬೇಕು. ಫೇಟಾ ಬೇಕಿದ್ದರೆ ನಾನೇ ಸುತ್ತಿಸುತ್ತೇನೆ. ಸುಂದರಾಳ ಮಂಚದ ಎದುರು ಕುರ್ಚಿ ಹಾಕುತ್ತೇನೆ, ಊರ ಮಂದಿಯನ್ನೂ ಕೂಡಿಸುತ್ತೇನೆ, ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಎಲ್ಲರ ಮುಂದೆ ಚೀಲದಿಂದ ಆ ಪೆನ್ನು ತೆಗೆದು, ಅಂಗಿ ಎತ್ತಿ ಚುಚ್ಚಿಕೊಳ್ಳಿ. ಆಮೇಲೆ ಬೇಕಾದರೆ ಒಂಟೆಹಾಲನ್ನೂ ಕುಡಿಯಿರಿ. ಭಾಷಣ ಬೇಕಾಗಿಲ್ಲ. ಅಕ್ಕ ನನ್ನನ್ನು ನಂಬುವುದಿಲ್ಲ, ಮಿರಜಿನ ಡಾಕ್ಟರನ್ನೂ ನಂಬುವುದಿಲ್ಲ. ಇಷ್ಟಾದ ಮೇಲೂ ಅವಳು ನಂಬುವುದು ನಿಮ್ಮೊಬ್ಬರನ್ನೇ.

ಅವಳ ಬಲಗಾಲಿನ ಹೆಬ್ಬೆರಳ ಮೇಲೆ ಸೋಮವಾರದಿಂದ ಒಂದು ಗುಳ್ಳೆ ಎದ್ದಿದೆ. ಬೇಗ ಬನ್ನಿ.

ಇಂತಿ,
ಹೋಳಿಗೆ ಬಡಿಸುವಾಗ ಕಂಡದ್ದನ್ನು ಕಂಡ ದಿನವೇ ಹೇಳದೆ ಹೋದ
ಸೀಮಾ, ಆಶಾ ಕಾರ್ಯಕರ್ತೆ